ಕುಬೇರಪ್ಪ ಕಾಕಾನ ತಾಳ

ಗಂಗಾವತಿಯ ಅಕ್ಕಿ ಗಿರಣಿಗಳ ಕಡೆ ಹೋಗಿ ಬರೀ ವಿರುಪಣ್ಣ ಎಂದು ಕೇಳಿದರೆ, ಯಾವ ವಿರುಪಣ್ಣ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ‘ಕಿವಿ ವಿರುಪಣ್ಣ’ ಎನ್ನಿ, ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಇಪ್ಪತ್ತೊಂಬತ್ತು ವರ್ಷದಿಂದ ಒಂದೇ ಗಿರಣಿಯಲ್ಲಿ ಆಪರೇಟರ್. ನೆಲ್ಲು ಮೇಲಕ್ಕೆ ಹೊರುವ ಬೆಲ್ಟು, ಹೊಟ್ಟು ಬಿಡಿಸುವ ಯಂತ್ರ, ಅಕ್ಕಿಗೆ ಪಾಲಿಶ್ ಕೊಡುವ ಯಂತ್ರ ಎಲ್ಲ ಒಟ್ಟಿಗೆ ಹೊಯ್ಕೊಳ್ಳುತ್ತಿರುವಾಗ ಇವನು ಬಾಗಿಲಲ್ಲಿ ನಿಂತು, ತಲೆ ಓರೆ ಮಾಡಿ, “ಮೂರನೇ ಬೇರಿಂಗ್ ಒಣಗೇತಿ, ಗ್ರೀಸ್ ಹಚ್ರಿ” ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಒಣಗಿಯೇ ಇರುತ್ತಿತ್ತು. ಹೆಸರು ಸುಮ್ಮನೆ ಬರುವುದಿಲ್ಲ.

ಈಚೀಚೆಗೆ ಅವನು ತಲೆ ಓರೆ ಮಾಡುವುದನ್ನು ಬಿಟ್ಟು, ಯಂತ್ರದ ಮೈಮೇಲೆ ಅಂಗೈ ಇಟ್ಟು ಹೇಳುತ್ತಿದ್ದ. ಐವತ್ತೈದು ದಾಟಿತು, ಅನುಭವ ಕೈಗೆ ಇಳಿದಿದೆ ಎಂದು ಗಿರಣಿಯವರು ಮೆಚ್ಚಿದರು. ಅವನೂ ಹಾಗೆಯೇ ತಿಳಿದುಕೊಂಡ.

ಇಂಥ ಕಿವಿಯನ್ನು ದೇವರು ಬರೀ ಬೇರಿಂಗಿಗೆ ಅಂತ ಕೊಟ್ಟಿರುತ್ತಾನೆಯೆ? ವಿರುಪಣ್ಣನಿಗೆ ಹಾಡಿನ ಹುಚ್ಚು. ತಾನು ಮಾತ್ರ ಹಾಡುವುದಿಲ್ಲ. ಒಮ್ಮೆ ಹಾಡಿದ್ದಕ್ಕೆ ಹಿತ್ತಲಲ್ಲಿ ಕಟ್ಟಿದ ಎಮ್ಮೆ ಗೂಟ ಕಿತ್ತುಕೊಂಡು ಹೋಯಿತೆಂದು ಹೆಂಡತಿ ಮುದಕಮ್ಮ ಇವತ್ತಿಗೂ ಹೇಳುತ್ತಾಳೆ. ಅವನದೇನಿದ್ದರೂ ಕೇಳುವ ಕೆಲಸ. ಅದೂ ಒಂದು ಕೆಲಸವೇ. ಹಾಡುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ, ಕೇಳುವವರು ಎಲ್ಲಿದ್ದಾರೆ ಹೇಳಿ.

ಅಂಥವರು ಒಂದಷ್ಟು ಮಂದಿ ಕುಷ್ಟಗಿಯಲ್ಲಿ ಸಿಕ್ಕರು. ಅಲ್ಲಿ ಶಾಹೀದ ಎಂಬುವವನ ಮೈಕ್‌ಸೆಟ್ ಅಂಗಡಿ. ಮೆಮರಿ ಕಾರ್ಡಿಗೆ ಹಾಡು ತುಂಬಿಕೊಡುತ್ತಿದ್ದ ಕಾಲದಲ್ಲಿ, ಕುಣಿಯುವ ಹಾಡು ಬಿಟ್ಟು ಭಜನೆ, ತತ್ವಪದ, ಸೋಬಾನೆ ಬೇಕೆಂದು ಬರುವ ಗಿರಾಕಿಗಳು ಅವನಿಗೆ ಬೆರಳೆಣಿಕೆ. ಅದೇ ಊರಿನಲ್ಲಿದ್ದ ಹೆಂಡತಿಯ ತವರಿಗೆ ಹೋದಾಗಲೆಲ್ಲ ಅಂಗಡಿ ಹೊಗುವ ವಿರುಪಣ್ಣ ಅವರಲ್ಲೊಬ್ಬ. ಕಾರ್ಡಿನ ಕಾಲ ಮುಗಿದ ಮೇಲೆ ಶಾಹೀದ ಆ ಗಿರಾಕಿಗಳನ್ನೆಲ್ಲ ಕೂಡಿಸಿ ವಾಟ್ಸಾಪಿನಲ್ಲಿ ‘ಕೇಳೋರ ಮನಿ’ ಎಂದು ಗುಂಪು ಕಟ್ಟಿದ. ಶ್ರೀರಾಮನಗರದ ಅಂಗನವಾಡಿ ಟೀಚರ್ ಶಿವಲಿಂಗಮ್ಮ, ಇಟಗಿಯ ಕುಬೇರಪ್ಪ ಕಾಕಾ, ಇನ್ನೂ ಐದಾರು ಜನ. ಪದ್ಧತಿ ಏನೆಂದರೆ, ಬೆಳಗಿನ ಚಹಾದ ಹೊತ್ತಿಗೆ ಪಾಳಿ ಇದ್ದವರು ತಾವು ಈಗ ಏನು ಕೇಳುತ್ತಿದ್ದಾರೋ ಅದನ್ನು ಹಾಕಬೇಕು. ಉಳಿದವರು ಪೂರಾ ಕೇಳಿ, ಅದರಲ್ಲಿ ತಮಗೆ ಏನು ಹಿಡಿಸಿತೆಂದು ಬಾಯಿಬಿಟ್ಟು ಹೇಳಿ ಕಳಿಸಬೇಕು. ಕೇಳದೆ ಹೆಬ್ಬೆರಳಿನ ಚಿತ್ರ ಒತ್ತಿದವರು, ಗುಲಾಬಿ ಹೂವಿನ ಶುಭೋದಯ ಹಾಕಿದವರು, ಮುಂದೆ ಎಲ್ಲರೂ ಕೂಡಿದಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕೊಡಿಸಬೇಕು.

ಎಲ್ಲರೂ ಹೇಳಿದ ಮೇಲೆ ಕೊನೆಯ ಮಾತು ವಿರುಪಣ್ಣನದು. “ಎರಡನೇ ನುಡಿಯಾಗ ಪೇಟಿ ಒಂದೆಳಿ ಮುಂದ ಓಡೇತಿ ನೋಡ್ರಿ” ಎಂದು ಅವನು ಹೇಳಿದರೆ ಎಲ್ಲರೂ ತಿರುಗಿ ಹಚ್ಚಿ ಕೇಳುವರು. ಹಾರ್ಮೋನಿಯಂ ಖರೇನೇ ಓಡಿರುತ್ತಿತ್ತು. ಆಮೇಲಾಮೇಲೆ ತಿರುಗಿ ಕೇಳುವುದನ್ನೂ ಬಿಟ್ಟರು. ಅವನೇ ಹೇಳಿದ ಮೇಲೆ ಇನ್ನೇನು ಕೇಳುವುದು.

ಈ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಕುಬೇರಪ್ಪ ಕಾಕಾ, ಎಪ್ಪತ್ತೆರಡು. ಜೀವಮಾನವಿಡೀ ಅಂಚೆ ಹಂಚಿ, ಈಗ ಎರಡು ಆಕಳು ಕಟ್ಟಿಕೊಂಡಿದ್ದಾನೆ. ಸಂಕೋಚದ ಮನುಷ್ಯ. ಗುಂಪಿಗೆ ದನಿ ಕಳಿಸುವಾಗಲೂ ಪ್ರತಿಸಲ, “ನಮಸ್ಕಾರ್ರಿ, ನಾನು ಇಟಗಿಯಿಂದ ಕುಬೇರಪ್ಪ ಮಾತಾಡಾಕತ್ತೀನಿ” ಎಂದೇ ಶುರುಮಾಡುವನು. ತನ್ನ ಪಾಳಿ ಬಂದಾಗ ಬೇರೆ ಎಲ್ಲಿಂದಲೋ ಹಾಡು ತರುತ್ತಿದ್ದನೇ ಹೊರತು, ತಮ್ಮೂರ ಹನುಮಪ್ಪನ ಗುಡಿಯ ಭಜನೆಯನ್ನು ಒಮ್ಮೆಯೂ ಹಾಕಿರಲಿಲ್ಲ. ಆ ಭಜನೆಯಲ್ಲಿ ನಲವತ್ತು ವರ್ಷದಿಂದ ಕಂಚಿನ ತಾಳ ಬಾರಿಸುವವನು ತಾನೇ ಎಂದು ಯಾರಿಗೂ ಹೇಳಿಯೂ ಇರಲಿಲ್ಲ. ಗೊತ್ತಿದ್ದದ್ದು ಆ ಗುಡಿಗೆ ಮೈಕ್ ಕೊಟ್ಟಿದ್ದ ಶಾಹೀದನಿಗೆ ಮಾತ್ರ.

ಹೋದ ವರ್ಷ ಶಾಹೀದನೇ ಕಾಡಿಬೇಡಿ, ಮುದುಕನಿಗೆ ಧೈರ್ಯ ತುಂಬಿ, ಒಂದು ಸೋಮವಾರ ಆ ಭಜನೆಯನ್ನು ಗುಂಪಿಗೆ ಹಾಕಿಸಿದ. ಒಂಬತ್ತು ನಿಮಿಷದ ಪದ. ವಿರುಪಣ್ಣ ಗಿರಣಿಯ ಹೊರಗೆ ಹೊಟ್ಟಿನ ಚೀಲದ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು ಎರಡೆರಡು ಸಲ ಕೇಳಿದ. ಕೇಳಿ, ಒಬ್ಬಿಬ್ಬರು ಮಾತ್ರ ಪದ ಛಂದ ಎಂದು ಕಳಿಸಿದ್ದಾಗಲೇ, ತನ್ನ ಎಂದಿನ ಠೀವಿಯಲ್ಲಿ ಕೊನೆಯ ಮಾತು ಕಳಿಸಿದ.

“ಪದ ಛಲೋ ಐತಿ. ಪೇಟಿ ಹದವಾಗಿ ಹಿಡದಾರ, ತಬಲಾ ಭಾಳ ಛಂದ. ಆದ್ರ ಕಾಕಾ, ಹಿಂಗ್ಯಾಕರಿ? ಇಡೀ ಇಟಗಿಯೊಳಗ ತಾಳ ಬಾರಸೋರು ಒಬ್ಬರೂ ಸಿಗಲಿಲ್ಲೇನು? ತಾಳ ಇಲ್ಲದ ಭಜನಿ ಅಂದ್ರ ಉಪ್ಪಿಲ್ಲದ ಸಾರು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಪದದಲ್ಲಿ ತಾಳ ಖಣಖಣ ಎನ್ನುತ್ತಿದ್ದುದು ಉಳಿದ ಎಲ್ಲರಿಗೂ ಕೇಳಿಸಿತ್ತು. ತಾಳವನ್ನೇ ಹೊಗಳಬೇಕೆಂದು ಬಾಯಿ ತೆರೆದಿದ್ದ ಶಿವಲಿಂಗಮ್ಮ ಸುಮ್ಮನಾದಳು. ತನ್ನ ಕಿವಿಯಲ್ಲೇ ಏನೋ ದೋಷ, ವಿರುಪಣ್ಣ ಬಲ್ಲವನು, ಅಂಥ ತಾಳ ತಾಳವೇ ಅಲ್ಲವೆಂದು ಅವನು ಕುಟುಕಿದ್ದು ತನಗೆ ತಿಳಿಯಲಿಲ್ಲ ಎಂದುಕೊಂಡಳು. ಇನ್ನೊಬ್ಬ ಮಹಾರಾಯ “ಖರೆ ಐತಿ, ತಾಳ ಸೊರಗೇತಿ” ಎಂದು ಒಗ್ಗರಣೆ ಬೇರೆ ಹಾಕಿದ. ಏಳೆಂಟು ಜೋಡಿ ಕಿವಿಗಳು ಕೇಳಿದ್ದು ಒಬ್ಬನ ಹೆಸರಿನ ಮುಂದೆ ಸುಳ್ಳಾಯಿತು. ಮನುಷ್ಯರ ಬುದ್ಧಿಗೆ ಏನೆನ್ನಬೇಕು?

ವಾರ ಕಳೆಯಿತು. ಕಾಕಾನ ದನಿಯೇ ಇಲ್ಲ. ಮುಂದಿನ ಪಾಳಿಗೂ ಇಲ್ಲ. ಶುಕ್ರವಾರ ಮಧ್ಯಾಹ್ನ ವಿರುಪಣ್ಣ ಮನೆಯಲ್ಲಿ ಉಣ್ಣುತ್ತಿದ್ದಾಗ ಶಾಹೀದನ ಫೋನು ಬಂತು.

“ಅಣ್ಣಾ, ಕಾಕಾ ತಾಳ ಬಿಟ್ರು.”

“ಯಾವ ತಾಳ?”

“ಆ ಪದದಾಗ ಬಾರಿಸಿದವ್ರು ಅವ್ರ ಅಲ್ಲೇನು? ನಲವತ್ತು ವರ್ಷದ ಕೈ. ನೀವ ತಾಳ ಇಲ್ಲ ಅಂದ್ರಲ್ಲ, ‘ವಿರುಪಣ್ಣಗ ನನ್ನ ತಾಳ ತಾಳ ಅನಸಲಿಲ್ಲ, ನನ್ನ ಕೈ ಮುಗೀತು’ ಅಂತ ಗುಡಿಯ ಗೂಟಕ್ಕ ಹಾಕಿ ಬಂದಾರ. ಈಗ ಭಜನಿಗೂ ಹೊಂಟಿಲ್ಲ. ಹಿರೇರು, ಸ್ವಲ್ಪ ಮೆತ್ತಗ ಹೇಳಬೇಕಿತ್ತಣ್ಣ ನೀವು.”

ವಿರುಪಣ್ಣ ತುತ್ತು ಕೈಯಲ್ಲೇ ಹಿಡಿದು ಕೂತ. ತಾನು ಕುಟುಕಿರಲಿಲ್ಲ. ತಾಳ ಇರಲೇ ಇಲ್ಲ. ಕೈ ತೊಳೆದು ಆ ಪದವನ್ನು ಹಚ್ಚಿದ, ದನಿಯನ್ನು ಪೂರ್ತಿ ಏರಿಸಿದ. ಹಾರ್ಮೋನಿಯಂ ಇತ್ತು, ತಬಲಾ ಇತ್ತು, ಹಾಡುವವರ ಗಂಟಲು ಇತ್ತು. ಅಷ್ಟೇ. ಮುದಕಮ್ಮನನ್ನು ಕರೆದ.

“ಇಲ್ಲಿ ಬಾ. ಇದರಾಗ ತಾಳ ಐತೇನು ಹೇಳು.”

ಮುದಕಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. “ಸಣ್ಣದ ಮಾಡ್ರಿ ಮೊದಲು, ತಲಿ ಒಡೀತೈತಿ. ತಾಳ ಬಿಟ್ರ ಬ್ಯಾರೆ ಏನೂ ಕೇಳಸವಲ್ದು.”

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಯಾರು ಮಾತಾಡಿದರೂ ತಾನು ತುಟಿ ನೋಡುತ್ತೇನೆ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು. ಮೊಬೈಲ್ ಟವರಿನಿಂದಾಗಿ ಗಂಗಾವತಿಯಲ್ಲಿ ಗುಬ್ಬಿಗಳೇ ಇಲ್ಲವಾದವು ಎಂದು ಅವನು ಗುಂಪಿನಲ್ಲಿ ಒಂದು ದೊಡ್ಡ ಭಾಷಣ ಮಾಡಿದ್ದ. ಈಗ ಅದು ನೆನಪಾಯಿತು.

“ನಮ್ಮನ್ಯಾಗ ಗುಬ್ಬಿ ಅದಾವೇನು?”

“ತಗಡಿನ ಸಂದ್ಯಾಗ ನಾಕು ಗೂಡು ಅದಾವ. ಮುಂಜಾನಿಂದ ಒಂದ ಸವನ ಚೀಂವ್ ಚೀಂವ್ ಅಂತಾವು.”

“ಕುಕ್ಕರು? ಹೊಸಾದು ಸೀಟಿ ಹೊಡಿಯಂಗಿಲ್ಲ ಅಂತ ನಾ ತಿರುಗಿ ಕೊಡಾಕ ಹೊಂಟಿದ್ನಲ್ಲ?”

“ಅದರ ಸೀಟಿಗೆ ಬಾಜೂ ಮನಿ ಕೂಸು ಎದ್ದು ಅಳತೈತ್ರಿ.”

“ಮತ್ತ ನನಗ್ಯಾಕ ಹೇಳಲಿಲ್ಲ ನೀ?”

“ಹೇಳೀನಿ,” ಎಂದಳು ಮುದಕಮ್ಮ. “ಎರಡು ವರ್ಷದಿಂದ ಹೇಳಾಕತ್ತೀನಿ. ನಿಮಗ ಕೇಳಿಸಿಲ್ಲ.”

ಇಪ್ಪತ್ತೊಂಬತ್ತು ವರ್ಷ ಆ ಗಿರಣಿ ಅವನಿಗೆ ಅನ್ನ ಹಾಕಿತ್ತು, ಅವನ ಕಿವಿಯನ್ನು ಸಣ್ಣಗೆ ತಿನ್ನುತ್ತಲೂ ಬಂದಿತ್ತು. ದಪ್ಪ ದನಿ ಉಳಿದು ತೆಳು ದನಿಗಳು ಒಂದೊಂದಾಗಿ ಹೋಗಿದ್ದವು. ಹೋದದ್ದು ಗೊತ್ತಾಗುವುದಾದರೂ ಹೇಗೆ? ಕೇಳಿಸದ್ದು ಇಲ್ಲವೆಂದೇ ಅವನು ತಿಳಿದಿದ್ದ. ಅಪ್ಪ ಸತ್ತಾಗಲೂ ಗಟ್ಟಿಯಾಗಿ ಅಳದಿದ್ದ ಮನುಷ್ಯ ಅವತ್ತು ಹಿತ್ತಲಿಗೆ ಹೋಗಿ, ಎಮ್ಮೆಯ ಮುಂದೆ ನಿಂತು ಅತ್ತ.

ಇನ್ನು ಮುಂದೆ? ಅವನು ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮುದಕಮ್ಮ ಬಾಯಿ ಬಿಡುವವಳಲ್ಲ. ಹೇಳಿಬಿಟ್ಟರೆ ‘ಕಿವಿ ವಿರುಪಣ್ಣ’ ಹೋಗಿ ‘ಕಿವುಡ ವಿರುಪಣ್ಣ’ ಆಗುತ್ತಾನೆ. ನಮ್ಮ ಜನಕ್ಕೆ ಹೆಸರು ತಿರುಚಲು ಎಷ್ಟು ಹೊತ್ತು ಬೇಕು? ಕೊನೆಯ ಮಾತು ಹೋಗುತ್ತದೆ, ಗಿರಣಿಯಲ್ಲೂ ಏನಾಗುತ್ತದೋ ದೇವರಿಗೇ ಗೊತ್ತು. ಹೇಳದಿದ್ದರೆ ಮಾತ್ರ ಇಟಗಿಯ ಗುಡಿಯಲ್ಲಿ ಆ ತಾಳ ಗೂಟದಲ್ಲೇ ತೂಗಾಡುತ್ತಿರುತ್ತದೆ. ನಾಚಿಕೆ ಒಂದು ಕಡೆ, ಹೆದರಿಕೆ ಒಂದು ಕಡೆ. ಭಾನುವಾರ ಮುಂಜಾನೆ ಎದ್ದು, ಕೊಪ್ಪಳದ ಬಸ್ಸು ಹತ್ತಿ, ಅಲ್ಲಿ ಬಸ್ಸು ಬದಲಿಸಿ ಇಟಗಿಗೆ ಹೋದ.

ಕಾಕಾ ಆಕಳಿಗೆ ಮೇವು ಹಾಕುತ್ತಿದ್ದ. ವಿರುಪಣ್ಣನನ್ನು ಕಂಡು ಗಾಬರಿಯಾಗಿ, ಒಳಗಿಂದ ನೀರು ತಂದುಕೊಟ್ಟ, ಕೂರಲು ಗೋಣಿಚೀಲ ಹಾಸಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ವಿರುಪಣ್ಣನಿಗೆ.

“ಕಾಕಾ, ನಿಮ್ಮ ತಾಳದಾಗ ಏನೂ ತಪ್ಪಿಲ್ರಿ. ನನ್ನ ಕಿವಿ ಹೋಗ್ಯಾವು. ನನಗ ಅದು ಕೇಳಿಸಲೇ ಇಲ್ಲ.”

ಕಾಕಾ ನಕ್ಕ. “ತಮ್ಮಾ, ಈ ಮುದುಕನ ಮನಸ ನೊಂದೈತಿ ಅಂತ ಅಷ್ಟು ದೂರದಿಂದ ಸುಳ್ಳು ಹೇಳಾಕ ಬಂದಿ. ನಿನ್ನ ದೊಡ್ಡಗುಣ. ಆದ್ರ ನಿನ್ನ ಕಿವಿ ಎಂಥಾದ್ದು ಅಂತ ನನಗ ಗೊತ್ತಿಲ್ಲೇನು? ನನ್ನ ಕೈ ಬಟ್ಟು ಸೆಟದಾವು. ಬಾರಿಸೋವಾಗ ನನಗೂ ಅನಸತಿತ್ತು. ನೀ ಹೇಳಿದ್ದ ಖರೆ.”

ಎಷ್ಟು ಹೇಳಿದರೂ ನಂಬಲೊಲ್ಲ. ಆಣೆ ಮಾಡಿದರೂ ನಂಬಲೊಲ್ಲ. ಕಡೆಗೆ ವಿರುಪಣ್ಣ ಮುದುಕನ ಕೈ ಹಿಡಿದು ಗುಡಿಗೆ ಕರೆದುಕೊಂಡು ಹೋದ. ಗೂಟದಿಂದ ತಾಳ ಇಳಿಸಿ ಅವನ ಕೈಗೆ ಕೊಟ್ಟ.

“ನಾ ಕಟ್ಟಿ ಮ್ಯಾಲ ಆ ಕಡೆ ಮುಖಾ ಮಾಡಿ ಕುಂದರ್ತೀನಿ. ನೀವು ನನ್ನ ಬೆನ್ನ ಹಿಂದ ನಿಂತು, ಭಜನ್ಯಾಗ ಬಾರಿಸಿದಂಗ ಬಾರಸ್ರಿ. ಕೇಳಿಸಿದ ಕೂಡ್ಲೇ ಬಟ್ಟು ಎತ್ತತೀನಿ.”

ಕೂತ. ಎದುರಿಗೆ ತೊಗರಿ ಹೊಲ, ಅದರಾಚೆ ರಸ್ತೆ. ಒಂದು ಟ್ರ್ಯಾಕ್ಟರ್ ಹೋದದ್ದು ಕೇಳಿಸಿತು. ಎಲ್ಲೋ ಒಂದು ಎಮ್ಮೆ ಕೂಗಿತು, ಅದೂ ಕೇಳಿಸಿತು. ತನ್ನ ಉಸಿರು ತನಗೆ ಕೇಳಿಸುತ್ತಿತ್ತು. ಗುಡಿಯ ಮುಂದೆ ಕೊಡ ಹೊತ್ತು ಹೊರಟಿದ್ದ ಹೆಣ್ಣುಮಗಳೊಬ್ಬಳು ನಿಂತು ಈ ಕಡೆ ನೋಡತೊಡಗಿದಳು. ಮುದುಕ ಇನ್ನೂ ಬಾರಿಸಲೊಲ್ಲ. ಹಟ ಹಿಡಿದಿದ್ದಾನೆ ಎಂದುಕೊಂಡ ವಿರುಪಣ್ಣ. ಮತ್ತೂ ಸ್ವಲ್ಪ ಹೊತ್ತು ಕಾದ.

“ಕಾಕಾ, ಬಸ್ಸಿಗೆ ಹೊತ್ತಾಗತೈತಿ. ಹಟ ಮಾಡಬ್ಯಾಡ್ರಿ. ಬಾರಸ್ರಿ.”

ತಿರುಗಿ ನೋಡಿದ. ಕುಬೇರಪ್ಪ ಕಾಕಾ ಎರಡು ಮಾರು ದೂರದಲ್ಲಿ ನಿಂತು ಬಾರಿಸುತ್ತಿದ್ದ. ಎರಡೂ ಕೈ ಒಂದೇ ಹದದಲ್ಲಿ ಆಡುತ್ತಿದ್ದವು. ಯಾವಾಗ ಶುರುಮಾಡಿದ್ದನೋ. ಮುದುಕನ ಕಣ್ಣಿನ ನೀರು ಗಡ್ಡಕ್ಕೆ ಇಳಿದಿತ್ತು, ಕೈ ಮಾತ್ರ ನಿಂತಿರಲಿಲ್ಲ.

ಮಾರನೆಯ ಬೆಳಿಗ್ಗೆ, ಚಹಾದ ಹೊತ್ತಿಗೆ, “ನಮಸ್ಕಾರ್ರಿ, ನಾನು ಇಟಗಿಯಿಂದ ಕುಬೇರಪ್ಪ” ಬಂತು, ಹಿಂದಿನ ಸಂಜೆಯ ಭಜನೆಯ ಜೊತೆಗೆ. ವಿರುಪಣ್ಣ ಏನನ್ನುತ್ತಾನೋ ನೋಡೋಣ ಎಂದು ಎಲ್ಲರೂ ಕಾದಿದ್ದರು. ಆ ದಿನ ಅವನು ಕೊನೆಯ ಮಾತಿಗೆ ಕಾಯದೆ ಮೊದಲೇ ಮಾತಾಡಿದ.

“ಪೇಟಿ ಕೇಳಸ್ತು, ತಬಲಾ ಕೇಳಸ್ತು. ತಾಳ ನನಗ ಕೇಳಸಂಗಿಲ್ರಿ. ನನ್ನ ಕಿವಿ ಹೋಗ್ಯಾವು. ಹೋದ ಸಲ ನಾ ಹೇಳಿದ್ದು ತಪ್ಪು. ಕಾಕಾನ ತಾಳ ಹೆಂಗೈತಿ ಅಂತ ಇವತ್ತ ನೀವ ನನಗ ಹೇಳ್ರಿ.”

ಆಮೇಲೆ ಒಂದರ ಹಿಂದೆ ಒಂದು ದನಿ ಬರತೊಡಗಿತು. ಶಾಹೀದನದು ಅವನಿಗೆ ತಿಳಿಯಿತು. ಶಿವಲಿಂಗಮ್ಮನದು ತೆಳು ದನಿ, ಎರಡು ಸಲ ಹಚ್ಚಿದರೂ ಕಿವಿಗೆ ಹತ್ತಲಿಲ್ಲ. ಫೋನನ್ನು ಮುದಕಮ್ಮನ ಕಡೆ ಸರಿಸಿದ. ಅವಳು ಪಕ್ಕಕ್ಕೆ ಬಂದು ಕೂತು, ಪೂರಾ ಕೇಳಿ, ಅವನ ಮುಖಕ್ಕೆ ಮುಖ ಕೊಟ್ಟು ಗಟ್ಟಿಯಾಗಿ ಹೇಳಿದಳು.

“ಮಳಿ ನಿಂತ ಮ್ಯಾಲ ತಗಡಿಂದ ಹನಿ ಬಿದ್ದಂಗ ಐತಿ, ಒಂದೂ ತಪ್ಪಿಲ್ಲ ಅಂತಾರ ಟೀಚರು.”

ವಿರುಪಣ್ಣ ತಲೆ ಓರೆ ಮಾಡಿ ಕೇಳಿದ.

“ಹಾಂ,” ಎಂದ. “ತಾಳ ಹಂಗ ಇರತಿತ್ತು.”