ಏಳನೇ ನಂಬರಿನ ಅಂಗಿ

ಪಚೂಕಾ ಊರಿನ ಗುಡ್ಡದ ಮೇಲಿನ ನಮ್ಮ ಬಡಾವಣೆಯಲ್ಲಿ ಫುಟ್‌ಬಾಲ್ ಆಡುವವರು ಬೈಗುಳವನ್ನು ಅಳೆದು ತೂಗಿ ಬಳಸುತ್ತಾರೆ. ಅದಕ್ಕೆ ಕಾರಣ ಊರವರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಒಬ್ದುಲಿಯಾ ಎಂಬ ಹೆಂಗಸು. ವಾರವಿಡೀ ಮೆಕ್ಕೆಜೋಳದ ಗಿರಣಿ ನಡೆಸುವ ಅವರು ಭಾನುವಾರ ಕಪ್ಪು ಅಂಗಿ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಮಣ್ಣಿನ ಮೈದಾನಕ್ಕೆ ರೆಫರಿಯಾಗಿ ಇಳಿಯುತ್ತಾರೆ.

ಪಂದ್ಯ ಮುಗಿದ ಮೇಲೆ ರೆಫರಿ ವರದಿ ಬರೆಯಬೇಕು. ಯಾರಿಗೆ ಹಳದಿ ಕಾರ್ಡು, ಯಾರಿಗೆ ಕೆಂಪು, ಯಾಕೆ ಎಂಬುದೆಲ್ಲ ಅದರಲ್ಲಿರಬೇಕು. ಬೈದಿದ್ದರೆ ಬೈಗುಳವನ್ನೂ ಆಡಿದ ಹಾಗೆಯೇ ಬರೆಯಬೇಕು. ಒಬ್ದುಲಿಯಾ ತಮ್ಮ ಹಳೆಯ ಗಾಡಿಯ ಬಾನೆಟ್ಟಿನ ಮೇಲೆ ಬರೆದು, ಎರಡೂ ತಂಡಗಳಿಗೆ ಗಟ್ಟಿಯಾಗಿ ಓದಿ ಹೇಳಿ ಸಹಿ ಹಾಕಿಸುತ್ತಾರೆ. ಒಮ್ಮೆ ಬೇಕರಿ ತಂಡದವನೊಬ್ಬನ ಮಾತನ್ನು ಅವರು ಪ್ರಾರ್ಥನೆಯ ಧ್ವನಿಯಲ್ಲಿ ಓದಿದಾಗ, ಪಕ್ಕದಲ್ಲೇ ಇದ್ದ ಅವನ ತಾಯಿ ಚಪ್ಪಲಿ ಕೈಗೆತ್ತಿಕೊಂಡಳು. ವರದಿ ಮುಗಿಯುವ ತನಕ ಒಬ್ದುಲಿಯಾ ಯಾರು ಕೊಟ್ಟ ನೀರನ್ನೂ ಮುಟ್ಟುವುದಿಲ್ಲ.

ಹೋದ ವರ್ಷ ಬಡಗಿಗಳಿಗೂ ಬೇಕರಿಯವರಿಗೂ ಸೆಮಿಫೈನಲ್ ಬಿತ್ತು. ಇದೊಂದನ್ನು ತಪ್ಪಿಲ್ಲದೆ ಮುಗಿಸಿದರೆ ಫೈನಲ್ಲಿನ ಸೀಟಿ ನಿಮ್ಮದೇ ಎಂದು ಲೀಗಿನ ಅಧ್ಯಕ್ಷ ದೋನ್ ವಿಲ್ಫ್ರಿದೊ ಮಾತು ಕೊಟ್ಟಿದ್ದರು. ನಮ್ಮಲ್ಲಿ ಹೆಂಗಸು ಫೈನಲ್ ನಡೆಸಿದ್ದೇ ಇಲ್ಲ. ಒಬ್ದುಲಿಯಾರ ತಾಯಿ ಆ ದಿನಕ್ಕೆಂದೇ ಹೊಸ ಕಪ್ಪು ಅಂಗಿ ಹೊಲಿದು, ನೆರೆಯವರಿಗೆಲ್ಲ ತೋರಿಸಿಯೂ ಆಗಿತ್ತು.

ದ್ವಿತೀಯಾರ್ಧದಲ್ಲಿ ಬಡಗಿಗಳ ಏಳನೇ ನಂಬರಿನವನು ಎದುರಾಳಿಯ ಅಂಗಿ ಹಿಡಿದು ಎಳೆದ. ಏಳಕ್ಕೆ ಆಗಲೇ ಒಂದು ಹಳದಿ ಆಗಿತ್ತು. ಎರಡನೇ ಹಳದಿಯೆಂದರೆ ಕೆಂಪು; ಚೀಟಿಯಲ್ಲಿನ ನಂಬರು ನೋಡಿ ಒಬ್ದುಲಿಯಾ ಕೆಂಪು ಎತ್ತಿದರು. ಹೊರಗೆ ಹೋಗಬೇಕಾದವನು ಸಿರೀಲೊ. ಅವನ ಮಗಳಿಗೆ ಒಬ್ದುಲಿಯಾ ಜ್ಞಾನಸ್ನಾನದ ಧರ್ಮತಾಯಿ. ಅದಕ್ಕೇ ಅವನು ಅವರನ್ನು ಕೊಮಾದ್ರೆ ಎಂದೂ ಅವರು ಅವನನ್ನು ಕೊಂಪಾದ್ರೆ ಎಂದೂ ಕರೆಯುವುದು.

"ಕೊಮಾದ್ರೆ, ಗಿರಣಿ ಹಿಟ್ಟು ನಿಮ್ಮ ಕಣ್ಣಿಗೆ ಹೋಗಿದೆ," ಎಂದು ಹೇಳಿ ಅವನು ಹೊರನಡೆದ.

ಹತ್ತೇ ಜನರಿದ್ದರೂ ಬಡಗಿಗಳು ಗೆದ್ದರು. ಆದರೆ ಕೆಂಪು ಬಿದ್ದವನಿಗೆ ಫೈನಲ್ ಇಲ್ಲ. ಬಾನೆಟ್ಟಿನ ಸುತ್ತ ಎಂದಿನಂತೆ ಗುಂಪು ಸೇರಿತು. ಅವನು ಕೊಲ್ಲಲು ಬಂದಿದ್ದ ಎಂದು ಬರೆಯಿರಿ ಎಂದು ಬೇಕರಿಯವರು, ಬಟ್ಟೆಯ ಗುಣಮಟ್ಟ ನೋಡುತ್ತಿದ್ದ ಎಂದು ಬಡಗಿಗಳು. ನಂಬರು ಖಚಿತಪಡಿಸಿಕೊಳ್ಳಲು ಒಬ್ದುಲಿಯಾ ತಲೆಯೆತ್ತಿದರೆ, ಸಿರೀಲೊ ಬನಿಯನ್ನಿನಲ್ಲಿ ನಿಂತಿದ್ದ.

"ಅಂಗಿ ಎಲ್ಲಿ?"

"ನಾಬೊರ್ ತಗೊಂಡ. ಒಗೆಯೋ ಸರದಿ ಅವನದು. ಅವನು ಬಿಚ್ಚಿಕೊಟ್ಟಿದ್ದಕ್ಕೇ ಅಲ್ವಾ ನಾನು ಒಳಗೆ ಬಂದಿದ್ದು."

ಬಡಗಿಗಳ ಹತ್ತಿರ ಇರುವುದು ಹನ್ನೊಂದೇ ಅಂಗಿ. ಹೊರಗೆ ಬಂದವನು ಬಿಚ್ಚಬೇಕು, ಒಳಗೆ ಹೋಗುವವನು ತೊಡಬೇಕು. ಮೊದಲ ಹಳದಿ ಕಂಡದ್ದು ಏಳನೇ ಅಂಗಿಯೊಳಗಿದ್ದ ನಾಬೊರ್. ಸಿರೀಲೊ ಎಳೆದದ್ದು ಒಂದೇ ಸಲ; ಅದಕ್ಕೆ ಹಳದಿ ಸಾಕಿತ್ತು. ಅವನೋ, ಎಳೆದದ್ದಕ್ಕೇ ನೇರವಾಗಿ ಕೆಂಪು ಬಂತೆಂದು ತಿಳಿದಿದ್ದ.

ದೋನ್ ವಿಲ್ಫ್ರಿದೊ ಒಬ್ದುಲಿಯಾರನ್ನು ಪಕ್ಕಕ್ಕೆ ಕರೆದರು. ಯಾರೂ ಗಮನಿಸಿಲ್ಲ, ಬರೆದರೆ ಫೈನಲ್ ಕೈತಪ್ಪುತ್ತದೆ, ಅಂಗಿ ಹೊಲಿದ ತಾಯಿಯ ಮುಖವನ್ನಾದರೂ ನೋಡಿ ಎಂದರು.

"ಕಣ್ಣಿಗೆ ಬಿದ್ದಿದ್ದು ಬರೀತೀನಿ ಅಂತ ಎಲ್ಲರ ಮಾನ ತೆಗೆದವಳು ನಾನು ದೋನ್ ವಿಲ್ಫ್ರಿದೊ. ಈಗ ನನ್ನ ತಪ್ಪೇ ಕಣ್ಣಿಗೆ ಬಿದ್ದಿದೆ."

ಅದೇ ಪ್ರಾರ್ಥನೆಯ ಧ್ವನಿಯಲ್ಲಿ ಓದಿದರು: ಕೆಂಪು ಕಾರ್ಡು ರೆಫರಿಯ ತಪ್ಪು, ರೆಫರಿಯ ಕಣ್ಣಿಗೆ ಹಿಟ್ಟು ಹೋಗಿದೆ ಎಂದು ಆಟಗಾರ ಹೇಳಿದ, ಆ ಮಾತು ಸುಳ್ಳಲ್ಲ. ಬೇಕರಿಯವರೂ ನಕ್ಕು ಸಹಿ ಹಾಕಿದರು.

ಸಿರೀಲೊನ ಕೆಂಪು ರದ್ದಾಯಿತು. ಫೈನಲ್ಲಿನ ಸೀಟಿ ಬೇರೆಯವರಿಗೆ ಹೋಗಿ, ಒಬ್ದುಲಿಯಾರಿಗೆ ಗೆರೆಯ ಪಕ್ಕ ನಿಲ್ಲುವ ಸಹಾಯಕ ರೆಫರಿಯ ಬಾವುಟ ಸಿಕ್ಕಿತು. ಎರಡು ದಿನ ಮಾತು ಬಿಟ್ಟಿದ್ದ ತಾಯಿ ಕೊನೆಗೆ, ಬಾವುಟ ಹಿಡಿಯುವವಳಿಗೂ ಹೊಸ ಅಂಗಿ ಒಪ್ಪುತ್ತದೆ ಎಂದು ಇಸ್ತ್ರಿ ಹಾಕಿ ಕೊಟ್ಟರು.

ಫೈನಲ್ಲಿನ ಕೊನೆಯಲ್ಲಿ ಸಿರೀಲೊ ಗೋಲು ಹೊಡೆದ. ಮೈದಾನವೆಲ್ಲ ಕುಣಿಯಿತು. ಒಬ್ದುಲಿಯಾರ ಬಾವುಟ ಮಾತ್ರ ಮೇಲೆದ್ದಿತ್ತು: ಆಫ್‌ಸೈಡ್. ಗೋಲು ಹೋಯಿತು, ಟ್ರೋಫಿಯೂ ಹೋಯಿತು. ಸಿರೀಲೊ ಅವರತ್ತ ನಡೆದು ಬಂದು ಬಾಯಿ ತೆರೆದ, ಅಂಚಿನಲ್ಲಿದ್ದ ಹೆಂಡತಿಯನ್ನು ನೋಡಿ ಮುಚ್ಚಿದ.

ಪಂದ್ಯ ಮುಗಿದ ಮೇಲೆ ನೀರಿನ ಬಾಟಲಿ ಹಿಡಿದು ಮತ್ತೆ ಬಂದ.

"ಕುಡೀರಿ ಕೊಮಾದ್ರೆ. ಇವತ್ತು ನಿಮ್ಮ ಕಣ್ಣು ಚೆನ್ನಾಗೇ ಇತ್ತು."

"ಇರಿ ಕೊಂಪಾದ್ರೆ, ವರದಿ ಮುಗೀಲಿ," ಎಂದರು ಒಬ್ದುಲಿಯಾ.