ರೇಣುಕಾಳ ಬಿ.ಎಸ್ಸಿ. ಅರ್ಥಶಾಸ್ತ್ರ

ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ನಮ್ಮ ಬಿ.ಎ.ಗೆ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಹೀಗೇ ಆದರೆ ವಿಭಾಗ ಮುಚ್ಚಬೇಕಾದೀತು ಎಂದು ಪ್ರಾಂಶುಪಾಲರು ಎಚ್ಚರಿಸಿದ್ದರು.

ಆ ಜೂನ್‌ನಲ್ಲಿ ಹತ್ತಿರದ ಕರೋಶಿ ಊರಿನ ರೇಣುಕಾ ಎಂಬ ಹುಡುಗಿ ತಂದೆಯ ಜೊತೆ ಬಂದಳು. ತಂದೆ ಭೀಮಪ್ಪ ಕುರಿ ಸಾಕುವವರು. ಹುಡುಗಿ ಪಿಯುಸಿ ವಿಜ್ಞಾನ ಮುಗಿಸಿದ್ದಳು, ಗಣಿತದಲ್ಲಿ ಕಾಲೇಜಿಗೇ ಮೊದಲು.

"ಸರ್, ಮುಂದ ದಿಲ್ಲಿಯೊಳಗ ಎಂ.ಎ. ಅರ್ಥಶಾಸ್ತ್ರ ಓದಬೇಕಂತ ಐತ್ರಿ. ಈಗ ಇಲ್ಲೇ ಬಿ.ಎ. ಮಾಡ್ಲೋ, ಬೆಳಗಾವಿಗೆ ಹೋಗಿ ಬಿ.ಎಸ್ಸಿ. ಮಾಡ್ಲೋ?"

ಬಿ.ಎಸ್ಸಿ.ಯಲ್ಲಿ ಅರ್ಥಶಾಸ್ತ್ರದ ಜೊತೆ ಗಣಿತ, ಸಂಖ್ಯಾಶಾಸ್ತ್ರ ಇರುತ್ತವೆ. ನಮ್ಮಲ್ಲಿ ಇದ್ದದ್ದು ಇತಿಹಾಸ, ರಾಜ್ಯಶಾಸ್ತ್ರ. "ಇಲ್ಲೇ ಮಾಡವಾ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪ್ರವೇಶದ ಅರ್ಜಿಯನ್ನೂ ಮುಂದಿಟ್ಟಿದ್ದೆ. ಅವಳು ಚೀಲದಿಂದ ದಿಲ್ಲಿಯ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ತೆಗೆದಳು. "ಇದ್ರಾಗಿಂದು ಬಿ.ಎ.ದಾಗ ಎಷ್ಟು ಕಲಿಸ್ತಾರ, ನೋಡಿ ಹೇಳ್ರಿ."

ಓದಿದೆ. ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಸಂಭವನೀಯತೆ. ಅರ್ಧಕ್ಕಿಂತ ಹೆಚ್ಚಿನದನ್ನು ನಾನು ತರಗತಿಯಲ್ಲಿ ಎಂದೂ ಮುಟ್ಟಿರಲಿಲ್ಲ. ಕೆಲವು ಲೆಕ್ಕ ನನಗೇ ಬಿಡಿಸಲು ಬರಲಿಲ್ಲ. ಅರ್ಜಿಯನ್ನು ಹಿಂದಕ್ಕೆಳೆದುಕೊಂಡೆ.

"ಬೆಳಗಾವಿಗೆ ಹೋಗವಾ."

ಭೀಮಪ್ಪ ನನ್ನನ್ನೇ ನೋಡಿದರು. "ಇಲ್ಲಿ ಕಲಿಸಾವ್ರ ಇಲ್ಲಿ ಬ್ಯಾಡ ಅಂದ್ರ, ಅದು ಖರೇನ ಇರಬೇಕ್ರಿ" ಎಂದು ಮಗಳನ್ನು ಎಬ್ಬಿಸಿಕೊಂಡು ಹೊರಟರು.

ಮೊದಲ ಸೆಮಿಸ್ಟರಿನ ಫಲಿತಾಂಶದ ದಿನ ಅವಳ ಫೋನ್ ಬಂತು. ಸಂಖ್ಯಾಶಾಸ್ತ್ರದಲ್ಲಿ ನಪಾಸು. ಬೇಕಾದರೆ ವಾಪಸ್ ಬಾ, ಬಿ.ಎ.ಗೆ ಸೇರಿಸಿಕೊಳ್ಳುತ್ತೇನೆ ಎಂದೆ.

"ಇಲ್ರಿ ಸರ್. ಇಂಗ್ಲಿಷ್ ತಿಳೀವಲ್ದು, ಲೆಕ್ಕ ತಿಳೀತಾವ. ಬಿಡಂಗಿಲ್ರಿ."

ಮುಂದಿನ ಪರೀಕ್ಷೆಯಲ್ಲಿ ಅದನ್ನೂ ಪಾಸು ಮಾಡಿದಳು, ಮತ್ತೆಂದೂ ಹಿಂದೆ ಬೀಳಲಿಲ್ಲ.

ನನ್ನ ನೌಕರಿಯ ಕೊನೆಯ ವರ್ಷ ಭೀಮಪ್ಪ ಪೇಢೆಯ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಬಂದರು. ಪ್ರಾಂಶುಪಾಲರಿಂದ ಸಿಪಾಯಿಯವರೆಗೆ ಎಲ್ಲರ ಕೈಗೂ ಒಂದೊಂದು ಇಟ್ಟರು. "ದಿಲ್ಲಿ ಪರೀಕ್ಷಾ ಪಾಸಾಗ್ಯಾಳ್ರಿ. ಮುಂದಿನ ತಿಂಗಳ ಹೊಂಟಾಳ." ಹೇಳುವಾಗ ಅವರ ಧ್ವನಿ ಇಡೀ ಕಾರಿಡಾರಿಗೆ ಕೇಳಿಸುತ್ತಿತ್ತು. ಅದೇ ವಾರ ನಾನು ಪ್ರಾಂಶುಪಾಲರನ್ನು ಒಪ್ಪಿಸಿದೆ. ನಮ್ಮಲ್ಲೂ ಅರ್ಥಶಾಸ್ತ್ರದ ಜೊತೆ ಗಣಿತ ಓದುವ ಅವಕಾಶವಾಯಿತು. ರಾಯಬಾಗ, ಅಥಣಿ ಕಡೆಯಿಂದಲೂ ಮಕ್ಕಳು ಬಂದು ತರಗತಿ ತುಂಬಿತು.

ಸಲಹೆ ಕೇಳಲು ಬಂದವರಿಗೆ ಅವರ ದಾರಿ ಹೇಳಬೇಕು, ನಮ್ಮ ಅನುಕೂಲವನ್ನಲ್ಲ. ಒಂದು ದಿನವೂ ನನ್ನ ತರಗತಿಯಲ್ಲಿ ಕೂರದ ಹುಡುಗಿಯಿಂದ ನಾನಿದನ್ನು ಕಲಿತೆ.