ಒಂಟಿ ಕೂ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಮುಚ್ಚಿಡುತ್ತಿದ್ದೆ. ಧಾರವಾಡದಲ್ಲಿ ಮನಃಶಾಸ್ತ್ರ ಓದಿದವಳು ನಾನು. ನೆನಪನ್ನು ಹೊರಗೆ ತೆಗೆದಾಗಲೆಲ್ಲ ನಾವು ಅದನ್ನು ಸ್ವಲ್ಪ ತಿದ್ದಿಯೇ ಒಳಗಿಡುತ್ತೇವೆ ಎಂಬುದು ಗೊತ್ತಿತ್ತು. ಹಾಗಾಗಿ ವಿಚಿತ್ರ ಅನುಭವ ಹೇಳುವವರನ್ನು ಸುಳ್ಳುಗಾರರೆಂದು ಎಂದೂ ಭಾವಿಸಲಿಲ್ಲ. ಅವರು ಹೆದರಿದ್ದು ನಿಜ, ಉಳಿದದ್ದು ಆಮೇಲೆ ಸೇರಿಕೊಂಡಿದೆ ಎಂದುಕೊಂಡು ಸುಮ್ಮನೆ ಕೇಳುತ್ತಿದ್ದೆ. ನನ್ನ ಬಗ್ಗೆಯೂ ನೀವು ಹಾಗೆಯೇ ಅಂದುಕೊಂಡರೆ ತಕರಾರಿಲ್ಲ. ನನಗೇ ಹಾಗೆ ಅನ್ನಿಸುವ ದಿನಗಳಿವೆ.

ಮೊದಲು ಅಪ್ಪನ ವಿಷಯ ಹೇಳಬೇಕು. ಅವನು ಹುಟ್ಟಿದ್ದು ಅಂಕೋಲಾದ ಒಳಗಿನ ಒಂದು ಹಳ್ಳಿಯಲ್ಲಿ, ಒಂದು ಹಾಳು ಕೋಟೆಯ ಬುಡದಲ್ಲಿ. ಕಾರವಾರದಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಕೋಡಿಬಾಗದಲ್ಲಿ ಮನೆ ಮಾಡಿದ ಮೇಲೂ ಗದ್ದೆಯ ಕಡೆಯ ಒಂದು ಅಭ್ಯಾಸ ಅವನನ್ನು ಬಿಡಲಿಲ್ಲ. ಯಾರನ್ನಾದರೂ ಕರೆಯಬೇಕೆಂದರೆ ಹೆಸರು ಹಿಡಿಯದೆ ‘ಕೂ’ ಹಾಕುತ್ತಿದ್ದ. ಆ ಕಡೆ ಹೊಲದಾಚೆ, ಗುಡ್ಡದಾಚೆ ಇರುವವರನ್ನು ಕರೆಯುವುದು ಹಾಗೆಯೇ. ಒಬ್ಬೊಬ್ಬರ ಕೂ ಒಂದೊಂದು ಥರ. ಅಪ್ಪನದು ಉದ್ದಕ್ಕೆ ಎಳೆದು ಕೊನೆಯಲ್ಲಿ ಥಟ್ಟನೆ ಮೇಲೇರುತ್ತಿತ್ತು. ಕಾಳಿ ನದಿಯ ದಂಡೆಯಲ್ಲಿ ಗೆಳತಿಯರ ಜೊತೆ ಕೂತಿದ್ದಾಗ ಆ ಕೂ ಕೇಳಿದರೆ ನಾನೂ ಅಕ್ಕನೂ ನಾಚಿಕೆಯಿಂದ ಮುಖ ಮುಚ್ಚಿಕೊಂಡು ಮನೆಗೆ ಓಡುತ್ತಿದ್ದೆವು. ಅಜ್ಜಿ ಹೇಳುತ್ತಿದ್ದ ಒಂದು ಕಟ್ಟಳೆಯೂ ಇತ್ತು: ಹೊತ್ತು ಮುಳುಗುವಾಗ ಕೂ ಒಂದೇ ಸಲ ಕೇಳಿದರೆ ಓಗೊಡಬಾರದು, ಮನುಷ್ಯರಾದರೆ ಇನ್ನೊಮ್ಮೆ ಕರೆದೇ ಕರೆಯುತ್ತಾರೆ.

ಆಮೇಲೆ ಅಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವನು ಉಸಿರಾಡುವುದು ಕುತ್ತಿಗೆಯ ಬುಡದಲ್ಲಿ ಮಾಡಿಟ್ಟ ಒಂದು ರಂಧ್ರದಿಂದ. ಮಾತು ಬರೀ ತುಟಿಯಲ್ಲಿ. ಮನೆಯವರಾದ ನಮಗೆ ಅರ್ಥವಾಗುತ್ತದೆ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಒಂದು ಮಾತನ್ನು ಒತ್ತಿ ಹೇಳಿದ್ದರು. ಆಳದ ನೀರಿನ ಹತ್ತಿರ ಹೋಗಲೇಬಾರದು. ಆ ರಂಧ್ರದವರೆಗೆ ನೀರು ಬಂದರೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ, ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ, ಹುಟ್ಟಿದೂರಿನ ಕೆರೆಯನ್ನೊಮ್ಮೆ ಸುತ್ತಿ ಬರಬೇಕೆಂದು ಅಪ್ಪ ಹಟ ಹಿಡಿದ. ಅಂಕೋಲಾದಲ್ಲಿರುವ ಅಕ್ಕನನ್ನೂ ಕರೆದುಕೊಂಡು ನನ್ನ ಕಾರಿನಲ್ಲಿ ಹೋದೆವು. ಕಷ್ಟದ ಹಾದಿಯೇನಲ್ಲ. ಕೆರೆಯ ಏರಿಯಿಂದ ಹೊರಟು, ಗೇರು ಮರಗಳ ನಡುವೆ ಹಾದು, ಕೋಟೆಯ ಚಿರೆಕಲ್ಲಿನ ಗೋಡೆಯ ಕೆಳಗಿನ ಕಾಡಿನಲ್ಲಿ ಸುತ್ತಿ, ಮತ್ತೆ ಏರಿಗೇ ಬಂದು ಸೇರುವ ಕಾಲುದಾರಿ. ದಾರಿ ನೀರಿನಿಂದ ದೂರವೇ ಇತ್ತು. ಕಾರಿನಿಂದ ಇಳಿಯುವ ಮೊದಲೇ ಅಕ್ಕ ಅಪ್ಪನ ಕೈಗೆ ಒಂದು ಹಿತ್ತಾಳೆಯ ಗಂಟೆ ಕೊಟ್ಟಳು. ಏನಾದರೂ ಆದರೆ ಬಾರಿಸಲಿ ಎಂದು.

ಅಪ್ಪ ಗಂಟೆಯನ್ನು ನೋಡಿ, ಅವಳನ್ನು ನೋಡಿ, ತುಟಿಯಲ್ಲೇ ಕೇಳಿದ: “ನಾ ಏನ್ ಎಮ್ಮೆನೇ, ಗಂಟೆ ಕಟ್ಕಂಡು ತಿರಗೂಕೆ?”

“ಎಮ್ಮೆಯಾದ್ರೆ ಹೇಳಿದ್ದು ಕೇಳ್ತಿತ್ತು. ತಕಂಡು ಹೋಗು,” ಎಂದಳು ಅಕ್ಕ.

ಅವಳಿಗೆ ಮೊಣಕಾಲು ನೋವು, ಏರಿಯ ಮೇಲೆಯೇ ಕೂತಳು. ನಾನು ಅಪ್ಪನ ಜೊತೆ ಸ್ವಲ್ಪ ದೂರ ಹೋಗಿ, ಫೋನ್ ಬಂತೆಂದು ನಿಂತೆ. ಕಾಡಿನಲ್ಲಿ ಸಿಗ್ನಲ್ ಸಿಗದೆಂದು ಹಿಂದಕ್ಕೆ ಏರಿಗೇ ಬಂದೆ. ನೀನು ಅಲ್ಲೇ ಇರು, ನಾನು ಸುತ್ತಿ ಬರುತ್ತೇನೆ ಎಂದು ಅಪ್ಪ ಕೈಸನ್ನೆ ಮಾಡಿ ಹೋಗಿದ್ದ. ನಾವು ಚಹಾ ಕುಡಿದೆವು. ಅವನು ಆಚೆ ಬದಿಯಿಂದ ಬರಬೇಕಾದ ಹೊತ್ತು ಆಯಿತು, ಮೀರಿತು. ಕೆರೆಯ ನೀರು ಬೂದು ಬಣ್ಣಕ್ಕೆ ತಿರುಗಿತು.

ಮೊದಲು “ಅಪ್ಪಾ” ಎಂದು ಕೂಗಿದವಳು ಅಕ್ಕ. ಆಮೇಲೆ ನಾನೂ ಕೂಗಿದೆ. ಕೂಗಿ ಸುಮ್ಮನೆ ನಿಂತಾಗಲೇ ನಮಗೆ ಹೊಳೆದದ್ದು, ನಾವು ಕರೆಯುತ್ತಿರುವುದು ಉತ್ತರ ಕೊಡಲಾಗದವನನ್ನು. ಅವನಿಗೆ ಕೇಳಿಸಿದರೂ ನಮಗೆ ಅದು ತಿಳಿಯುವುದಿಲ್ಲ. ಗಂಟೆಗಾಗಿ ಕಿವಿಗೊಟ್ಟೆವು. ಏನೂ ಇಲ್ಲ. ಟಾರ್ಚ್ ತರಲು ಕಾರಿನ ಹತ್ತಿರ ಹೋದ ಅಕ್ಕ ಅಲ್ಲಿಂದಲೇ ಕಿರುಚಿದಳು.

“ಗಂಟೆ ಇಲ್ಲೇ ಸೀಟಿನ ಮೇಲೆ ಬಿಟ್ಟಿಕ್ಕಿ ಹೋಗಿದ್ದಾನೆ ಮಾರಾಯ್ತಿ!”

ಅವಳನ್ನು ಏರಿಯ ಮೇಲೆ ಬಿಟ್ಟು ನಾನು ಕಾಡಿನ ದಾರಿ ಹಿಡಿದೆ. ಒಣ ಎಲೆಯ ಹೊರೆ ಹೊತ್ತು ಎದುರಿಗೆ ಬಂದ ಹೆಂಗಸೊಬ್ಬಳನ್ನು ಕೇಳಿದೆ.

“ಇಲ್ಲ ತಂಗೀ, ನಾ ಯಾರನ್ನೂ ಕಾಣ್ಲಿಲ್ಲ. ಹೊತ್ತು ಮುಳುಗ್ತಾ ಬಂತು, ಒಬ್ಳೇ ಎಲ್ಲಿ ಹೋಗ್ತೆ?” ಎಂದು, ಅವಳು ಉತ್ತರಕ್ಕೆ ಕಾಯದೆ ಊರ ಕಡೆ ನಡೆದಳು.

ಕೋಟೆಯ ಗೋಡೆಯ ಕೆಳಗೆ ಸುತ್ತುದಾರಿಯಿಂದ ಎರಡು ಕವಲು ಒಡೆಯುತ್ತವೆ. ಒಂದು ಮೇಲೆ ಕೋಟೆಯ ಮುರಿದ ಬಾಗಿಲಿಗೆ. ಇನ್ನೊಂದು ಕೆಳಗೆ, ಕೆರೆಯ ಹಳೆಯ ಮೆಟ್ಟಿಲುಗಳಿಗೆ. ಬಾಲ್ಯದ ಜಾಗ ನೋಡಲು ಅಪ್ಪ ಕೋಟೆಗೇ ಹತ್ತಿರಬೇಕು, ನೀರಿನ ಕಡೆಗೆ ಖಂಡಿತ ಹೋಗಿರಲಾರ ಎಂದು ನಿರ್ಧರಿಸಿದೆ. ಡಾಕ್ಟರು ಹೇಳಿದ್ದನ್ನು ನನಗಿಂತ ಚೆನ್ನಾಗಿ ಅವನೇ ಕೇಳಿಸಿಕೊಂಡಿದ್ದ. ಮೇಲಿನ ದಾರಿಗೆ ಕಾಲಿಟ್ಟು ಸ್ವಲ್ಪ ಹತ್ತಿಯೂ ಆಗಿತ್ತು.

ಆಗ ಹಿಂದಿನಿಂದ, ಕೆಳಗಿನಿಂದ, ಕೂ ಕೇಳಿತು. ಉದ್ದಕ್ಕೆ ಎಳೆದು ಕೊನೆಯಲ್ಲಿ ಥಟ್ಟನೆ ಮೇಲೇರಿದ್ದು. ಒಂದೇ ಸಲ.

ನಾನು ಯೋಚಿಸಲಿಲ್ಲ. ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆಯೇ ‘ಕೂ’ ಎಂದು ಓಗೊಟ್ಟು, ತಿರುಗಿ ಕೆಳಗೆ ಓಡಿದೆ. ಸಿಕ್ಕನಲ್ಲ ಎಂಬ ಸಮಾಧಾನ, ಸಿಗಲಿ ಬೈಯುತ್ತೇನೆ ಎಂಬ ಸಿಟ್ಟು ಎರಡೂ ಇತ್ತು. ಕವಲು ದಾಟಿ ಸ್ವಲ್ಪ ಕೆಳಗಿಳಿದ ಮೇಲೆ ಕಾಲುಗಳು ತಾವಾಗಿಯೇ ನಿಂತವು. ಅಪ್ಪನಿಗೆ ಧ್ವನಿಯೇ ಇಲ್ಲ.

ಅಲ್ಲಿ ಎಷ್ಟು ಹೊತ್ತು ನಿಂತೆನೋ ಹೇಳಲಾರೆ. ಇನ್ನೊಂದು ಕೂ ಬರಲೆಂದು ಕಾದೆ. ಬರಲಿಲ್ಲ. ಅಜ್ಜಿಯ ಕಟ್ಟಳೆ ನೆನಪಾಯಿತು. ನಾನು ಆಗಲೇ ಓಗೊಟ್ಟಾಗಿತ್ತು. ಹಿಂತಿರುಗಿ ಕೋಟೆಗೆ ಹತ್ತಬೇಕೆಂದು ಬಲವಾಗಿ ಅನ್ನಿಸಿತು. ಅದೇ ಬುದ್ಧಿಗೆ ಸರಿಯಾದ ದಾರಿಯಾಗಿತ್ತು. ಆದರೂ ಕೆಳಗೇ ಇಳಿದೆ. ಯಾಕೆ ಎಂದು ಕೇಳಿದರೆ, ಮೇಲೆ ಹೋಗುವಾಗ ಆ ಸದ್ದಿಗೆ ಬೆನ್ನು ಕೊಟ್ಟು ನಡೆಯಬೇಕಿತ್ತು, ಅಷ್ಟು ಧೈರ್ಯ ನನಗಿರಲಿಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ.

ಅಪ್ಪ ನೀರಿನಲ್ಲಿದ್ದ. ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿ ಎದೆಯವರೆಗೂ ಮುಳುಗಿದ್ದ. ಒಂದು ಕೈಯಲ್ಲಿ ದಂಡೆಯ ಮರದ ಬೇರು ಹಿಡಿದಿದ್ದ. ಇನ್ನೊಂದು ಕೈ ಕುತ್ತಿಗೆಯ ರಂಧ್ರದ ಕೆಳಗೆ ಗೋಡೆಯಂತೆ ಅಡ್ಡ ಇತ್ತು. ಗಲ್ಲವನ್ನು ಆಕಾಶಕ್ಕೆ ಎತ್ತಿ, ನೀರು ಅಲುಗಾಡದ ಹಾಗೆ, ತಾನೂ ಅಲುಗಾಡದೆ ನಿಂತಿದ್ದ. ನನ್ನನ್ನು ಕಂಡು ಕಣ್ಣು ಮಾತ್ರ ತಿರುಗಿಸಿದ. ನಾನು ಮೆಟ್ಟಿಲ ಮೇಲೆ ಹೊಟ್ಟೆ ಊರಿ ಮಲಗಿ, ವೇಲ್ ಅನ್ನು ಅವನ ಕಂಕುಳಿಗೆ ಸುತ್ತಿ ಎಳೆದೆ. ಮೊದಲ ಎಳೆತಕ್ಕೆ ಎದ್ದ ಅಲೆ ಅವನ ಬೆರಳುಗಳವರೆಗೂ ಬಂದು ಇಳಿಯಿತು. ಎರಡನೆಯ ಸಲ ಎಳೆಯಲು ಅದು ಪೂರ್ತಿ ಇಳಿಯುವವರೆಗೆ ಕಾಯಬೇಕಾಯಿತು. ಇವತ್ತಿಗೂ ಕನಸಿನಲ್ಲಿ ಬರುವುದು ಆ ಕಾಯುವಿಕೆ, ಕೂ ಅಲ್ಲ.

ಅವನನ್ನು ಮೇಲಿನ ಮೆಟ್ಟಿಲಿಗೆ ತಂದು ಕೂರಿಸುವಷ್ಟರಲ್ಲಿ ಟಾರ್ಚ್ ಬೆಳಕು ಕುಣಿಯುತ್ತ ಬಂತು. ಅಕ್ಕ, ಮೊಣಕಾಲು ಮರೆತು ಓಡಿ ಬಂದಿದ್ದಳು.

“ಅಪ್ಪನ ಕೂ ಕೇಳ್ತಲ್ಲೇ! ಕೋಟೆ ಬದಿಯಿಂದ ಕೇಳ್ದಾಂಗಾಯ್ತು, ಅದ್ಕೇ ಓಡಿ…” ಎಂದವಳು ಅಷ್ಟಕ್ಕೇ ನಿಲ್ಲಿಸಿದಳು. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ ಅಪ್ಪ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ ತುಟಿ ಆಡಿಸಿದ: “ಯಾರ ಕೂ?”

ಆ ರಾತ್ರಿ ಡೈರಿಯಲ್ಲಿ ‘ಅಪ್ಪನ ಕೂ ಕೇಳಿ ಕೆಳಗಿಳಿದೆ’ ಎಂದು ಬರೆದಿದ್ದೇನೆ. ಅದನ್ನು ನಾನು ಸಾಕ್ಷಿ ಎಂದು ಒಪ್ಪುವುದಿಲ್ಲ. ಅಷ್ಟರಲ್ಲಿ ಅಕ್ಕನೂ ನಾನೂ ಆಸ್ಪತ್ರೆಯವರೆಗೆ ಕಾರಿನಲ್ಲಿ ಅದನ್ನೇ ಮಾತಾಡಿಕೊಂಡು ಬಂದಿದ್ದೆವು. ಇಬ್ಬರು ಕೂಡಿ ಮಾತಾಡಿದ ಮೇಲೆ ಯಾರ ನೆನಪು ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಕಷ್ಟ. ಅಕ್ಕ ಕೇಳಿದ್ದು ನನ್ನ ಓಗೊಡುವಿಕೆಯನ್ನೇ ಇರಬಹುದು. ಆದರೆ ನಾನು ಕೇಳಿದ್ದು? ಪ್ರತಿಧ್ವನಿ ಎನ್ನಲು ಅದಕ್ಕಿಂತ ಮೊದಲು ಯಾರೂ ಕೂ ಹಾಕಿರಲಿಲ್ಲ. ಹಕ್ಕಿ ಇರಬಹುದು. ಆಚೆ ದಂಡೆಯಲ್ಲಿ ಯಾರೋ ದನ ಕರೆದಿರಬಹುದು. ಎಲೆ ಹೊತ್ತ ಹೆಂಗಸನ್ನು ಅಕ್ಕ ಆಮೇಲೆ ಹುಡುಕಿ ಕೇಳಿದಾಗ, ನೀವಿಬ್ಬರು ಹೆಂಗಸರು ಕೂಗಿದ್ದು ಮಾತ್ರ ಕೇಳಿತು ಎಂದಳಂತೆ. ಇನ್ನು ಅಪ್ಪನೋ, ತನಗೆ ನಾನು ಓಗೊಟ್ಟದ್ದು ಮಾತ್ರ ಕೇಳಿತು ಎನ್ನುತ್ತಾನೆ. ನೀರಿನಲ್ಲಿ ಅವನಿದ್ದ ಜಾಗದಲ್ಲಿ ಅದಕ್ಕೂ ಮೊದಲಿನ ಕೂ ಇರಲೇ ಇಲ್ಲ.

ಅವನು ಆ ಮೆಟ್ಟಿಲಿಗೆ ಇಳಿದದ್ದು ಕಾಲು ತೊಳೆಯಲು. ಬಾಲ್ಯದಲ್ಲಿ ದನ ಹೊಡೆದುಕೊಂಡು ಬಂದಾಗಲೆಲ್ಲ ಅಲ್ಲೇ ತೊಳೆಯುತ್ತಿದ್ದನಂತೆ. ಡಾಕ್ಟರ ಮಾತು ಮರೆತೇ ಹೋಗಿತ್ತು ಎಂದ.

ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ. ಕೋಡಿಬಾಗದ ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಒಂದು ಭಾನುವಾರ, ಅಕ್ಕ ಬಂದಿದ್ದಾಗ, ಅಪ್ಪ ಜಗಲಿಯಲ್ಲಿ ಕೂತು ನನ್ನನ್ನು ಕೇಳಿದ: “ಹ್ಯಾಂಗಿತ್ತೇ ಅದು? ಹಾಕಿ ತೋರ್ಸು.”

ಅವನ ಧ್ವನಿಯನ್ನು ನಾವ್ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ನನಗೆ ಕೇಳಿದಂತೆಯೇ ಕೂ ಹಾಕಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ಅಪ್ಪ ಕಣ್ಣು ಮುಚ್ಚಿ ಕೇಳಿ, ತಲೆ ಅಲ್ಲಾಡಿಸಿದ. “ನಂದಲ್ಲ.”

“ಅವ್ಳು ಹಾಕಿದ್ದೇ ತಪ್ಪು, ನಾ ಹಾಕ್ತೆ ತಡಿ,” ಎಂದು ಅಕ್ಕ ಹಾಕಿದಳು. ನನ್ನದಕ್ಕಿಂತ ಗಿಡ್ಡ, ಕೊನೆಯ ಏರು ಬೇರೆ. ನಾವಿಬ್ಬರೂ ಅಪ್ಪನದೇ ಎಂದು ಆಣೆ ಮಾಡಿ ಹೇಳುತ್ತಿದ್ದದ್ದು ಒಂದೇ ಕೂ ಆಗಿರಲಿಲ್ಲ. ಅಪ್ಪ ಅದಕ್ಕೂ ತಲೆ ಅಲ್ಲಾಡಿಸಿದ.

“ಹಾಂಗಾದ್ರೆ ನಿಂದು ಹ್ಯಾಂಗಿತ್ತು?” ಎಂದು ನಾನು ಕೇಳಿದೆ.

ಅಪ್ಪ ಬೆನ್ನು ನೇರ ಮಾಡಿ, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ಮುಖ ಕೆಂಪಾಗುವವರೆಗೆ ಕೂ ಹಾಕಿದ. ಕುತ್ತಿಗೆಯ ರಂಧ್ರಕ್ಕೆ ಅಡ್ಡ ಕಟ್ಟಿದ ಬಟ್ಟೆ ಗಾಳಿಗೆ ಹಾರಿ ಕೂತಿತು. ಬರೀ ಉಸಿರಿನ ಸದ್ದು. ಅವನು ಕೈ ಇಳಿಸಿ, ಈಗ ಗೊತ್ತಾಯಿತೇ ಎಂಬಂತೆ ನಮ್ಮನ್ನು ನೋಡಿದ. ಅಕ್ಕ ಹೂಂ ಎಂದಳು. ನಾನೂ ಹೂಂ ಎಂದೆ.